ಚೌಕದ ಹೊರಗಿನ ಅಂಕಿಗಳನ್ನು ಗುಡಿಸಿಹಾಕಿದ ಚೊಕ್ಕಪ್ಪನವರಿಗೆ

ಮಾನ್ಯರೇ,

ದಾವಣಗೆರೆಯ ನಮ್ಮ ದಿನಪತ್ರಿಕೆಯ ಪುಟಗಳನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಜೋಡಿಸಿ, ಒರೆಸಿ, ಅಂಚು ಕತ್ತರಿಸಿ ಅಚ್ಚಿಗೆ ಕಳಿಸುವ ಸ್ವಯಂಚಾಲಿತ ಪುಟವಿನ್ಯಾಸ ಯಂತ್ರರಾದ, ಕಂಪನಿಯವರು ಇಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಕಚೇರಿಯವರೆಲ್ಲರಿಂದ ಚೊಕ್ಕಪ್ಪ ಎಂದೇ ಕರೆಸಿಕೊಳ್ಳುವ ತಮಗೆ, ಎಂ.ಸಿ.ಸಿ. ಬಿ ಬ್ಲಾಕಿನ ನಿವಾಸಿಯೂ ಗಣಿತದ ಶಿಕ್ಷಕಿಯೂ ಆದ ಸುಷ್ಮಾ ಎರಡೂ ಕೈ ಜೋಡಿಸಿ, ತಲೆಬಾಗಿ, ಹಲ್ಲು ಕಚ್ಚಿಕೊಂಡು ಮಾಡುವ ನಮಸ್ಕಾರಗಳು.

ಪತ್ರದ ಆರಂಭದಲ್ಲಿ ಕ್ಷೇಮಸಮಾಚಾರ ಕೇಳುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಆದರೆ ಈ ಏಪ್ರಿಲ್ ಬಿಸಿಲಿನಲ್ಲಿ ಕಚೇರಿಯ ಒಂದೇ ಒಂದು ಏಸಿಯನ್ನು ತಮ್ಮ ಕೋಣೆಗೇ ಹಾಕಿಸಿಕೊಂಡು, ಭಾನುವಾರದ ಪುರವಣಿ ನೋಡಿಕೊಳ್ಳುವ ಉಪಸಂಪಾದಕ ಮಹಾಂತೇಶ್ ಅವರನ್ನು ಹೊರಗೆ ಕಟಕಟ ಎನ್ನುವ ಫ್ಯಾನಿನ ಕೆಳಗೆ ಬೆವರಲು ಬಿಟ್ಟಿರುವ ತಮಗೆ ಕ್ಷೇಮಕ್ಕೇನೂ ಕೊರತೆ ಇರಲಾರದೆಂದು ನಂಬಿ, ನೇರವಾಗಿ ನನ್ನ ದುಃಖಕ್ಕೇ ಬರುತ್ತೇನೆ.

ತಾವು ಓದುವವರಲ್ಲ, ಅಳೆಯುವವರು. ಆದ್ದರಿಂದ ನನ್ನ ಪರಿಚಯ ತಮಗೆ ಇರಲಾರದು. ಪುರವಣಿಯ ಕೊನೆಯ ಪುಟದಲ್ಲಿ, ಬಲಗಡೆ ಕೆಳಮೂಲೆಯಲ್ಲಿ, ಕೋಚಿಂಗ್ ಕ್ಲಾಸಿನ ಜಾಹೀರಾತಿಗೂ ವಾರಭವಿಷ್ಯಕ್ಕೂ ನಡುವೆ ಉಸಿರು ಬಿಗಿಹಿಡಿದು ಕುಳಿತಿರುವ 'ಚೌಕದಾಚೆ' ಎಂಬ ಸುಡೊಕು ಅಂಕಣ ನನ್ನದು. ಸಾಮಾನ್ಯ ಸುಡೊಕುವಿನಲ್ಲಿ ಚೌಕದೊಳಗೇ ಅಲ್ಲೊಂದು ಇಲ್ಲೊಂದು ಅಂಕಿ ಕೊಟ್ಟಿರುತ್ತಾರೆ. ಅಡ್ಡಸಾಲು, ಕಂಬಸಾಲು, ಒಳಗಿನ ಸಣ್ಣ ಚೌಕ, ಮೂರರಲ್ಲೂ ಒಂದರಿಂದ ಒಂಬತ್ತರ ಅಂಕಿಗಳು ಎರಡು ಸಲ ಬಾರದಂತೆ ಉಳಿದ ಮನೆಗಳನ್ನು ತುಂಬಬೇಕು. ನನ್ನದು ಹಾಗಲ್ಲ. ನನ್ನ ಚೌಕದೊಳಗೆ ಒಂದೇ ಒಂದು ಅಂಕಿಯೂ ಇರುವುದಿಲ್ಲ. ಇರುವುದೆಲ್ಲ ಹೊರಗೆ, ನಾಲ್ಕು ಅಂಚಿನ ಆಚೆಗೆ.

ಪ್ರತಿ ಸಾಲನ್ನೂ ಒಂದು ಓಣಿ ಎಂದುಕೊಳ್ಳಿ, ಒಳಗೆ ಬರುವ ಅಂಕಿಯನ್ನು ಆ ಮನೆಯ ಅಂತಸ್ತು ಎಂದುಕೊಳ್ಳಿ. ಓಣಿಯ ಬಾಯಲ್ಲಿ ನಿಂತವರಿಗೆ ಎಷ್ಟು ಮನೆ ಕಾಣುತ್ತವೆ ಎನ್ನುವುದೇ ಹೊರಗಿನ ಸುಳಿವು, ಏಕೆಂದರೆ ಎತ್ತರದ ಮನೆ ತನ್ನ ಹಿಂದಿರುವ ಗಿಡ್ಡ ಮನೆಯನ್ನು ಮುಚ್ಚಿಬಿಡುತ್ತದೆ. ಹೊರಗೆ ಒಂದು ಎಂದು ಬರೆದಿದ್ದರೆ ಮೊದಲ ಮನೆಯೇ ಒಂಬತ್ತು ಅಂತಸ್ತಿನದು, ಹಿಂದಿನವರ ಸುದ್ದಿಯೇ ಇಲ್ಲ. ಒಂಬತ್ತು ಎಂದಿದ್ದರೆ ಒಂದರಿಂದ ಒಂಬತ್ತರವರೆಗೆ ಮೆಟ್ಟಿಲಾಗಿ ಏರಿಕೊಂಡು ಹೋಗಿವೆ. ನಮ್ಮ ಬಿ ಬ್ಲಾಕಿನವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ; ಎದುರಿಗೆ ಆ ನರ್ಸಿಂಗ್ ಹೋಮ್ ಎದ್ದ ಮೇಲೆ ಹಿಂದಿನ ಬೀದಿಯ ಮದುವೆ ಪೆಂಡಾಲು ನಮಗೆ ಕಾಣುವುದಿಲ್ಲ, ಬರೀ ಹಾಡು ಕೇಳಿಸುತ್ತದೆ.

ಇಂಥದೊಂದನ್ನು ಬಿಡಿಸುವುದಕ್ಕಿಂತ ಕಟ್ಟುವುದು ಹೆಚ್ಚು ತ್ರಾಸದ ಕೆಲಸ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಮೊದಲು ಉತ್ತರವನ್ನು ಪೂರ್ತಿ ತುಂಬಿ, ನಾಲ್ಕೂ ಕಡೆಯಿಂದ ಇಣುಕಿ ಎಣಿಸಿ ಅಂಚಿಗೆ ಬರೆದು, ಒಳಗಿನದನ್ನೆಲ್ಲ ಅಳಿಸಿ, ಆಮೇಲೆ ಹೊರಗಿನದನ್ನೂ ಒಂದೊಂದಾಗಿ ಅಳಿಸುತ್ತ, ಪ್ರತಿ ಸಲವೂ ಇನ್ನೂ ಒಂದೇ ಉತ್ತರ ಬರುತ್ತದೆಯೇ ಎಂದು ಮೊದಲಿನಿಂದ ಬಿಡಿಸಿ ನೋಡಬೇಕು. ಎರಡು ಉತ್ತರ ಬಂದರೆ ಅದು ಒಗಟಲ್ಲ, ರಾಡಿ. ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಪರೀಕ್ಷಿಸಿ ಹೇಳುತ್ತದಂತೆ. ತಮ್ಮ ಬಂಧುಬಳಗದ ಉಪಕಾರ ನನಗೆ ಬೇಡವೆಂದು ಪೆನ್ಸಿಲ್ಲು, ರಬ್ಬರು, ಹಟ ಈ ಮೂರರಿಂದಲೇ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೇನೆ. ನಮ್ಮ ಯಜಮಾನರಾದ ಅಂಜನಕುಮಾರ್ ಅವರು, "ಒಳಗೆ ಏನೂ ಇಲ್ಲ, ಹೊರಗೆ ಮಾತ್ರ ಇಷ್ಟುದ್ದ ಲೆಕ್ಕ ಐತೆ, ಇದು ಆಟನೋ ನಮ್ಮ ಬೀಗರ ಮನೆನೋ?" ಎಂದು ಕೇಳಿ ಚಹಾದ ಲೋಟ ಇಟ್ಟು ಹೋಗುತ್ತಾರೆ. ಇದರ ಮೇಲೆ ನನ್ನದೊಂದು ಕಾಯಿಲೆ: ಹೊರಗಿನ ಅಂಕಿಗಳು ಎಡಕ್ಕೆ ಇದ್ದಷ್ಟೇ ಬಲಕ್ಕೆ, ಮೇಲೆ ಇದ್ದಷ್ಟೇ ಕೆಳಗೆ ಇರಬೇಕು. ಒಂದು ಕಡೆ ಜೋಲಿದರೆ ನನಗೆ ಅವತ್ತು ಅನ್ನ ಸೇರುವುದಿಲ್ಲ.

ಮಾನ್ಯರೇ, ಈ ಕಾಯಿಲೆಯೇ ನನ್ನ ಅಕ್ಕ ಮೀನಾಕ್ಷಿಯನ್ನು ನನ್ನಿಂದ ಕಿತ್ತುಕೊಂಡಿತು. ಅಕ್ಕ ಇರುವುದು ಹರಿಹರದಲ್ಲಿ. ಹೋದ ದಸರೆಗೆ ಅಲ್ಲಿನ ಮಹಿಳಾ ಸಂಘದವರು ರಂಗೋಲಿ ಸ್ಪರ್ಧೆ ಇಟ್ಟು, ಗಣಿತದ ಮೇಡಂ ಆದರೆ ಪಕ್ಷಪಾತ ಮಾಡುವುದಿಲ್ಲ ಎಂದು ನನ್ನನ್ನು ಕರೆದು, ಶಾಲು ಹೊದಿಸಿ, ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಿದರು. ನಾನೂ ಪಕ್ಷಪಾತ ಮಾಡಲಿಲ್ಲ. ಅಕ್ಕ ಬಿಡಿಸಿದ್ದ ಎಂಟೆಸಳಿನ ಕಮಲದಲ್ಲಿ ನನಗೆ ಏಳೇ ಎಸಳು ಕಂಡವು; ಕೂತಲ್ಲಿಂದಲೇ ಎರಡು ಸಲ ಎಣಿಸಿ ಒಂದು ಅಂಕ ಕಳೆದೆ. ಅಕ್ಕನಿಗೆ ಎರಡನೇ ಬಹುಮಾನವಾಗಿ ಸ್ಟೀಲಿನ ಡಬ್ಬಿ ಬಂತು, ಮೊದಲನೇ ಬಹುಮಾನದ ಕುಕ್ಕರ್ ಆಕೆಯ ಎದುರುಮನೆಯವಳ ಪಾಲಾಯಿತು. ಡಬ್ಬಿ ಕೈಗೆ ಕೊಡಲು ಹೋದವಳಿಗೆ ಅಕ್ಕ ಎಲ್ಲರೆದುರು ಹೇಳಿದ್ದು ಇಷ್ಟೇ: "ನಿನಗೆ ಗೆರೆ ಕಾಣ್ತಾವೆ, ಅಕ್ಕ ಕಾಣಲ್ಲ ನೋಡು." ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ, ಆದರೂ ಯುಗಾದಿಗೆ ಬೇವು ಬೆಲ್ಲ ಬೇರೆ ಬೇರೆ ತಿಂದೆವು.

ಮಾತು ನಿಂತರೂ ಒಗಟು ನಿಲ್ಲಲಿಲ್ಲ ಎಂಬುದು ಇಲ್ಲಿ ಮುಖ್ಯ. ಸರಿಯುತ್ತರ ಕಳಿಸಿದವರ ಹೆಸರುಗಳನ್ನು ಮುಂದಿನ ಭಾನುವಾರ ಅಂಕಣದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ಅದರಲ್ಲಿ ತಪ್ಪದೆ 'ಮೀನಾಕ್ಷಿ, ಹರಿಹರ' ಎಂದು ಇರುತ್ತಿತ್ತು. ನನಗೆ ಫೋನು ಮಾಡದ, ನನ್ನ ಫೋನು ಎತ್ತದ ಅಕ್ಕ ಪತ್ರಿಕೆಯ ವಾಟ್ಸಾಪಿಗೆ ಮಾತ್ರ ವಾರವಾರ ಉತ್ತರ ಕಳಿಸುತ್ತಿದ್ದಳು. ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಓಣಿ ಕಟ್ಟುತ್ತಿದ್ದದ್ದು ಊರಿನ ಓದುಗರಿಗೆಲ್ಲ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳೊಬ್ಬಳಿಗೇ ಕಟ್ಟುತ್ತಿದ್ದೆ. ಒಮ್ಮೆ ಒಂದು ವಾರ ಹೆಸರು ಕಾಣದೆ ನನ್ನ ಜೀವ ಹಾರಿಹೋಗಿ, ಬೈಕಿನ ಸರ್ವಿಸಿಂಗ್ ಹರಿಹರದಲ್ಲೇ ಅಗ್ಗ ಎಂಬ ನೆಪ ಹೂಡಿ ಯಜಮಾನರನ್ನು ಅಟ್ಟಿದೆ. ಅಕ್ಕ ನಂದಿಗುಡಿಯ ಮಠಕ್ಕೆ ಹೋಗಿ ಎರಡು ದಿನ ಉಳಿದಿದ್ದಳಂತೆ, ಅಷ್ಟೇ. ಬರುವಾಗ ಯಜಮಾನರ ಕೈಯಲ್ಲಿ ಶೇಂಗಾ ಚಟ್ನಿಪುಡಿ ಕೊಟ್ಟು, "ಇದು ನಿಮಗೆ ಕೊಟ್ಟಿರೋದು ಮತ್ತೆ, ಆಕೆಗೆ ಅಂತ ಅಲ್ಲ" ಎಂದು ಹೇಳಿ ಕಳಿಸಿದ್ದಳು. ಆ ಚಟ್ನಿಪುಡಿಯನ್ನು ನಾನು ಕದ್ದು ತಿಂದೆ.

ಇಂತಿರಲು, ಹಿಂದಿನ ತಿಂಗಳು ತಮ್ಮ ಆಗಮನವಾಯಿತು. ತಾವು ಬಂದ ಮೊದಲ ಭಾನುವಾರ ಪುರವಣಿ ತೆರೆದರೆ, ಆಹಾ, ಎಂಥ ಸ್ವಚ್ಛತೆ! ಎಂಥ ಒಪ್ಪ! ನನ್ನ ಚೌಕ ನಡುಮಧ್ಯದಲ್ಲಿ ಗೆರೆ ಹೊಡೆದಂತೆ ನೇರ ನಿಂತಿತ್ತು, ಮತ್ತು ಅದರ ಸುತ್ತ ಒಂದೇ ಒಂದು ಅಂಕಿಯೂ ಇರಲಿಲ್ಲ. ಒಳಗೆ ಮೊದಲೇ ಇರಲಿಲ್ಲವಲ್ಲ! ಎಂಬತ್ತೊಂದು ಖಾಲಿ ಮನೆ, ಮೇಲೆ 'ಬಿಡಿಸಿ ನೋಡಿ' ಎಂಬ ಶೀರ್ಷಿಕೆ, ಕೆಳಗೆ ನನ್ನ ಹೆಸರು. ಮಹಾಂತೇಶ್ ಅವರಿಗೆ ಫೋನು ಹಚ್ಚಿ ಕೂಗಾಡಿದಾಗ ಅವರು ತಣ್ಣಗೆ ಹೇಳಿದರು: "ಚೊಕ್ಕಪ್ಪ ಹಂಗೇ ರೀ ಮೇಡಂ. ಗೆರೆ ಒಳಗಿದ್ದದ್ದು ಮಾಲು ಅಂತಾನೆ, ಹೊರಗಿದ್ದದ್ದು ಕಸ ಅಂತಾನೆ." ಕಸ ಹೊಡೆಯುವವರೂ ಗುಡಿಸುವ ಮೊದಲು ಓಲೆಯೋ ಉಂಗುರವೋ ಬಿದ್ದಿದೆಯೇ ಎಂದು ಒಮ್ಮೆ ಬಗ್ಗಿ ನೋಡುತ್ತಾರೆ. ಬಗ್ಗಲು ತಮಗೆ ಬೆನ್ನೇ ಇಲ್ಲದಿರುವುದರಿಂದ ಆ ತಪ್ಪನ್ನು ನಾನು ತಮ್ಮ ಮೇಲೆ ಹೊರಿಸುವುದಿಲ್ಲ.

ಆಮೇಲೆ ನಡೆದದ್ದನ್ನು ತಮ್ಮ ಕೀರ್ತಿಯ ದೃಷ್ಟಿಯಿಂದಲೇ ದಾಖಲಿಸುತ್ತಿದ್ದೇನೆ. ಅವತ್ತು ಹತ್ತು ಗಂಟೆಯೊಳಗೆ ಬೇತೂರು ರಸ್ತೆಯ ಜಮಾಲ್ ಸಾಬ್ ಫೋನು ಮಾಡಿ, "ಇಷ್ಟು ದಿನ ಯಾಕ್ರಿ ಮೇಡಂ ನಮ್ಮನ್ನ ಗೋಳು ಹೊಯ್ಕೊಂಡ್ರಿ? ಇವತ್ತಿಂದು ಬಹಳ ಮಸ್ತ್ ಐತೆ, ಚಾ ಆರೋದ್ರಾಗೆ ಮುಗಿಸಿಬಿಟ್ಟೆ" ಎಂದು ಮನಸಾರೆ ಹರಸಿದರು. ಕುಕ್ಕುವಾಡದ ಒಂದೇ ಮನೆಯಿಂದ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಬೇರೆ ಬೇರೆ ಉತ್ತರ ಕಳಿಸಿದರು, ಮೂರೂ ಸರಿ. ಖಾಲಿ ಚೌಕವನ್ನು ಸರಿಯಾಗಿ ತುಂಬುವ ಬಗೆಗಳು ಎಷ್ಟಿವೆ ಎಂದರೆ ಆ ಸಂಖ್ಯೆ ಬರೆಯಲು ಇಪ್ಪತ್ತೆರಡು ಅಂಕಿ ಬೇಕು. ಜಿಲ್ಲೆಯ ಜನರೆಲ್ಲ ಜೀವಮಾನವಿಡೀ ಕೂತು ತುಂಬಿದರೂ ತಮ್ಮ ಒಗಟಿನಲ್ಲಿ ಸರಿಯುತ್ತರಗಳು ಖರ್ಚಾಗುವುದಿಲ್ಲ. ಮಹಾಂತೇಶ್ ಅವರ ಖುಷಿಯಂತೂ ಕೇಳಬೇಡಿ. "ಇಷ್ಟು ಮಂದಿ ಯಾವತ್ತೂ ಬರೆದಿದ್ದಿಲ್ಲ ಬಿಡ್ರಿ. ಇನ್ನು ಮುಂದೆ ಹಿಂಗೇ ಖಾಲಿ ಇರ್ಲಿ, ತಿದ್ದುಪಡಿ ಏನೂ ಬ್ಯಾಡ. ನಿಮಗೂ ಆರಾಮು, ಜನಕ್ಕೂ ಆರಾಮು" ಎಂದು ನನಗೇ ಬುದ್ಧಿ ಹೇಳಿದರು. ಖಾಲಿ ಚೌಕ ಕಟ್ಟಲು ಯಾವ ಮೇಡಮ್ಮೂ ಬೇಕಾಗಿಲ್ಲ ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ, ತಾವು ದಯವಿಟ್ಟು ಹೇಳಿಕೊಡಬೇಡಿ.

ನನ್ನ ಎದೆ ಒಡೆದದ್ದು ಮುಂದಿನ ಭಾನುವಾರ. ಸರಿಯುತ್ತರದವರ ಹೆಸರುಗಳು ವಾರಭವಿಷ್ಯವನ್ನು ತಳ್ಳಿಕೊಂಡು ಪುಟದ ತುಂಬ ಹರಡಿದ್ದವು. ಬೆರಳಿಟ್ಟು ಒಂದೊಂದನ್ನೇ ಓದಿದೆ. ಹರಿಹರದಿಂದಲೇ ಎಷ್ಟೊಂದು ಜನ ಇದ್ದರು, ಎದುರುಮನೆಯ ಆ ಕುಕ್ಕರಿನವಳೂ ಇದ್ದಳು, ನನ್ನ ಅಕ್ಕ ಇರಲಿಲ್ಲ. ಇರುವುದಾದರೂ ಹೇಗೆ? ಕೊಟ್ಟ ಸುಳಿವಿಲ್ಲದೆ ಮನಸ್ಸಿಗೆ ಬಂದಂತೆ ತುಂಬಿ, ಸರಿ ಮಾಡಿದೆ ಎಂದು ಹೆಸರು ಹಾಕಿಸಿಕೊಳ್ಳುವ ಪೈಕಿ ಅಲ್ಲ ಅವಳು. ತಾವು ಗುಡಿಸಿದ್ದು ಕೆಲವು ಅಂಕಿಗಳನ್ನಲ್ಲ ಮಾನ್ಯರೇ, ನಮ್ಮಿಬ್ಬರ ನಡುವೆ ಉಳಿದಿದ್ದ ಒಂದೇ ಒಂದು ದಾರಿಯನ್ನು. ಪತ್ರಿಕೆ ಮಡಚಿಟ್ಟು ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ, ಏಕೆಂದರೆ ಈರುಳ್ಳಿ ಹೆಚ್ಚುವಾಗ ಯಾರೂ ಏನೂ ಕೇಳುವುದಿಲ್ಲ.

ಆ ಮಧ್ಯಾಹ್ನ ಫೋನು ಬಂತು. ಅಕ್ಕನ ಹೆಸರು ನೋಡಿ ಒದ್ದೆ ಕೈಯಲ್ಲೇ ಎತ್ತಿದೆ. ಹಲೋ ಎನ್ನಲೂ ಬಿಡದೆ ಅವಳು ಶುರು ಮಾಡಿದಳು: "ಏನೇ ಸುಷ್ಮಿ, ಖಾಲಿ ಚೌಕ ಹಾಕ್ಸಿದ್ದು ನನಗೇನೆ? ನನಗೆ ಹೇಳೋದು ಇನ್ನೇನೂ ಉಳಿದಿಲ್ಲ ಅಂತಾನಾ? ಸೋಮವಾರ ತಿದ್ದುಪಡಿ ಬರ್ತೈತೆ, ಮಂಗಳವಾರ ಬರ್ತೈತೆ ಅಂತ ದಿನಾ ಪೇಪರ್ ತಿರುವಿ ಹಾಕಿದೆ. ಬರ್ಲೇ ಇಲ್ಲ. ಅಷ್ಟು ಬ್ಯಾಡಾದ್ನೇನೇ ನಾನು?" ತರಗತಿಯಲ್ಲಿ ಎಂಥ ತುಂಟರನ್ನೂ ಒಂದು ನೋಟದಲ್ಲಿ ಕೂರಿಸುವ ನಾನು ಗೊಳೋ ಎಂದು ಅತ್ತುಬಿಟ್ಟೆ. ಅಂಕಿ ಇದ್ದವು ಅಕ್ಕಾ, ಎಲ್ಲಾ ಇದ್ದವು, ಯಂತ್ರ ಕತ್ತರಿಸಿಹಾಕಿತು ಎಂದು ಬಿಕ್ಕುತ್ತಲೇ ಹೇಳಿದೆ. ಅಕ್ಕ, "ಹಂಗಾದ್ರೆ ಹೇಳು, ಬರ್ಕೊಂತೀನಿ. ತಡಿ, ಪೆನ್ನು ತರ್ತೀನಿ" ಎಂದಳು.

ಹೇಳಿದೆ. ಮೇಲಿನ ಅಂಚಿನಿಂದ ಹಿಡಿದು ಬಲಕ್ಕೆ ಇಳಿದು, ಕೆಳಗೆ ಬಂದು, ಎಡಕ್ಕೆ ಹತ್ತಿ ಮುಗಿಸುವಷ್ಟರಲ್ಲಿ ಸಂಜೆ ದೀಪ ಹಚ್ಚುವ ಹೊತ್ತಾಗಿತ್ತು. ಏಕೆಂದರೆ ಮೂರು ಎಂದರೆ ಆ ಮೂರಕ್ಕೆ ಅವಳ ಮೊಣಕಾಲು ನೋವಿನ ವರದಿ ಅಂಟಿಕೊಂಡಿತ್ತು, ನಾಲ್ಕು ಎಂದರೆ ಅದರ ಹಿಂದೆ ಎದುರುಮನೆಯವಳ ಕುಕ್ಕರಿನ ಗ್ಯಾಸ್ಕೆಟ್ ಹೋದ ಸಂತೋಷದ ಸುದ್ದಿ ಇತ್ತು. ಎತ್ತರದ ಮನೆಯ ಹಿಂದೆ ಮುಚ್ಚಿಹೋಗಿದ್ದ ಗಿಡ್ಡ ಮನೆಗಳೆಲ್ಲ ಅವತ್ತು ಒಂದೊಂದಾಗಿ ಕಂಡವು. ನಮ್ಮ ಯಜಮಾನರು ಎರಡು ಸಲ ಬಂದು ಊಟದ ಮಾತೆತ್ತಿ, ಚಟ್ನಿಪುಡಿ ಡಬ್ಬಿ ಹುಡುಕಿ, ಅದು ಖಾಲಿಯಾಗಿದ್ದನ್ನು ಕಂಡು ನನ್ನ ಮುಖ ನೋಡಿ ಹೋದರು.

ಕಥೆ ಇಲ್ಲಿಗೇ ಮುಗಿದಿದ್ದರೆ ತಮಗೆ ಹೂವಿನ ಹಾರ ಕಳಿಸಿ ಸುಮ್ಮನಾಗುತ್ತಿದ್ದೆ. ಆದರೆ ಗುರುವಾರ ಅಕ್ಕನ ಫೋನು ಮತ್ತೆ ಬಂತು, ಈ ಸಲ ದನಿಯಲ್ಲಿ ಹಬ್ಬದ ಕಳೆ. "ನಿನ್ನ ಚೌಕಕ್ಕೆ ಎರಡು ಉತ್ತರ ಐತೆ" ಎಂದಳು. ಸಾಧ್ಯವೇ ಇಲ್ಲ ಎಂದೆ. "ಕೆಳಗಿನ ಎರಡು ಸಾಲು ನೋಡು. ನಾಕು ಮನ್ಯಾಗೆ ಎರಡಿದ್ದಲ್ಲಿ ಮೂರು, ಮೂರಿದ್ದಲ್ಲಿ ಎರಡು ಹಾಕು. ಹೊರಗೆ ನಿಂತೋರಿಗೆ ಏನಾರ ಫರಕ್ ಕಾಣ್ತೈತಾ ಹೇಳು" ಎಂದಳು. ನೋಡಿದೆ. ಕಾಣುತ್ತಿರಲಿಲ್ಲ. ಆ ಗಿಡ್ಡ ಮನೆಗಳು ಎಡಬಲದಿಂದ ದೊಡ್ಡವುಗಳ ಹಿಂದೆ ಮುಚ್ಚಿಹೋಗಿದ್ದವು. ಕೆಳಗಿನಿಂದ ನೋಡಿದರೆ ಮಾತ್ರ ಎರಡರ ಹಿಂದೆ ಮೂರಿದೆಯೋ ಮೂರರ ಹಿಂದೆ ಎರಡಿದೆಯೋ ತಿಳಿಯುತ್ತಿತ್ತು. ಅಲ್ಲಿ ಒಂದು ಅಂಕಿ ಇಟ್ಟೂ ಇದ್ದೆ, ಮಾನ್ಯರೇ. ಕೆಳಗಡೆ ಒಂದು ಹೆಚ್ಚಾಯಿತು, ಮೇಲಿನದಕ್ಕೆ ಸಮ ಬರುವುದಿಲ್ಲ, ಅಂದಗೆಡುತ್ತದೆ ಎಂದು ಕೊನೆಯ ಗಳಿಗೆಯಲ್ಲಿ ಅದನ್ನು ಅಳಿಸಿ, ಇಷ್ಟಕ್ಕೆಲ್ಲ ಮತ್ತೆ ಬಿಡಿಸಿ ನೋಡುವುದೇನು ಎಂದು ಕಳಿಸಿಬಿಟ್ಟಿದ್ದೆ.

"ಒಂದು ಮಾರ್ಕ್ಸ್ ಕಡಿದೀನಿ" ಎಂದಳು ಅಕ್ಕ. "ನಿನಗೆ ಎರಡನೇ ಬಹುಮಾನ. ಆ ಸ್ಟೀಲ್ ಡಬ್ಬಿ ಹಂಗೇ ಇಟ್ಟೀನಿ, ಬಂದು ಒಯ್ಯಿ." ಒಯ್ದೆ. ಡಬ್ಬಿಯ ತುಂಬ ಚಟ್ನಿಪುಡಿ ಇತ್ತು, ಈ ಸಲ ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ನನ್ನ ಫಜೀತಿ ತಮಗೆ ಅರ್ಥವಾಗಿರಬೇಕು. ತಾವು ಕತ್ತರಿಸದೆ ಬಿಟ್ಟಿದ್ದರೆ ಎರಡು ಉತ್ತರದ ಆ ರಾಡಿ ನನ್ನ ಹೆಸರಿನ ಮೇಲೆ ಊರೆಲ್ಲ ಹಂಚಿಹೋಗುತ್ತಿತ್ತು. ಅಕ್ಕ ಅದನ್ನು ಪತ್ರಿಕೆಗೆ ಬರೆದು ತಿಳಿಸುತ್ತಿದ್ದಳೇ ಹೊರತು ನನಗೆ ಫೋನು ಮಾಡುತ್ತಿರಲಿಲ್ಲ. ಮಾನವೂ ಉಳಿಯಿತು, ಅಕ್ಕನೂ ಸಿಕ್ಕಳು. ದೂರು ಬರೆಯಲು ಕುಳಿತವಳಿಗೆ ದೂರು ಬರೆಯುವ ಸುಖವನ್ನೇ ಕಸಿದುಕೊಂಡಿದ್ದೀರಿ, ಇದೂ ನನ್ನ ದೂರುಗಳಲ್ಲಿ ಒಂದೆಂದು ಪರಿಗಣಿಸಬೇಕು.

ಆದ್ದರಿಂದ ಶಿಕ್ಷೆಯ ಬದಲು ಕೆಲವು ವಿನಂತಿಗಳನ್ನಷ್ಟೇ ಮುಂದಿಡುತ್ತೇನೆ. ಕತ್ತರಿ ಆಡಿಸುವ ಮೊದಲು ಒಂದು ಸಲ ಬಾಗಿಲ ಹೊರಗೆ ಮುಖ ಹಾಕಿ, ಯಾರ್ರಿ ಅಲ್ಲಿ, ಏನಾರ ಹೇಳೋದೈತಾ ಎಂದು ಕೇಳುವ ರೂಢಿ ಇಟ್ಟುಕೊಳ್ಳಬೇಕು. ಕೈ ಸುಮ್ಮನಿರಲಾರದು ಎಂದಾದರೆ ಬಿ ಬ್ಲಾಕಿಗೆ ದಯಮಾಡಿಸಿ ಆ ನರ್ಸಿಂಗ್ ಹೋಮಿನ ಮೇಲಿನ ಅಂತಸ್ತುಗಳನ್ನು ಅಂಚು ಎಂದು ಭಾವಿಸಬಹುದು. ಇನ್ನೂ ಉತ್ಸಾಹ ಉಳಿದರೆ ದಾವಣಗೆರೆಗೂ ಹರಿಹರಕ್ಕೂ ನಡುವಿನ ರಸ್ತೆಯನ್ನು ಖಾಲಿ ಜಾಗವೆಂದು ತೆಗೆದುಹಾಕಿ ಎರಡು ಊರುಗಳನ್ನು ಒತ್ತಿ ಅಂಟಿಸಿಕೊಟ್ಟರೆ, ಮೊಣಕಾಲು ನೋವಿನ ಒಬ್ಬ ಹೆಂಗಸು ತಮ್ಮನ್ನು ದಿನವೂ ನೆನೆಯುತ್ತಾಳೆ. ಈ ಭಾನುವಾರ ಅದೇ ಒಗಟು ತಿದ್ದಿ ಬರಲಿದೆ. ಕೆಳಗಡೆ ಒಂದು ಅಂಕಿ ಹೆಚ್ಚು, ಜೋಲಿದ್ದು ಜೋಲಿದಂತೆಯೇ ಇರಲಿ ಎಂದು ಬಿಟ್ಟಿದ್ದೇನೆ, ಅನ್ನವೂ ಸೇರುತ್ತಿದೆ. ತಮ್ಮ ಕಣ್ಣು ತಪ್ಪಿಸಲು, ಖಾಲಿಯೇ ಇರಲಿ ಎನ್ನುತ್ತಿದ್ದ ಮಹಾಂತೇಶ್ ಅವರು ನನ್ನ ಹಟಕ್ಕೆ ಸೋತು ಸುಳಿವುಗಳನ್ನೂ ಸೇರಿಸಿ ಸುತ್ತ ಇನ್ನೊಂದು ದಪ್ಪ ಗೆರೆ ಎಳೆದಿದ್ದಾರೆ. ಹೊರಗಿನವರೆಲ್ಲ ಈಗ ಒಳಗೇ ಇದ್ದಾರೆ, ಗಮನಿಸಬೇಕು.

ಇಷ್ಟು ಹೇಳಿ, ತಮ್ಮ ಏಸಿಗೆ ಯಾವ ವಿಘ್ನವೂ ಬಾರದಿರಲಿ ಎಂದು ಹಾರೈಸುತ್ತ,

ಕತ್ತರಿಗೆ ಸಿಕ್ಕೂ ಉಳಿದುಕೊಂಡಿರುವ
ತಮ್ಮ ವಿಶ್ವಾಸಿ,
ಸುಷ್ಮಾ
(ರಚನೆ ನನ್ನದು, ಪರಿಶೀಲನೆ: ಮೀನಾಕ್ಷಿ, ಹರಿಹರ)

ತಾ.ಕ.: ಒಗಟಿನ ಪಕ್ಕದಲ್ಲಿ ಒಂದು ಫೋಟೊ ಹಾಕಿಸಬೇಕೆಂದು ಅಕ್ಕ ಷರತ್ತು ಹಾಕಿ, ನಿನ್ನೆ ಅದನ್ನು ಕಳಿಸಿದ್ದಾಳೆ. ದಸರೆಯ ಅದೇ ರಂಗೋಲಿ, ಸಂಘದವರು ಯಾರೋ ಮಹಡಿಯ ಮೇಲಿನಿಂದ ತೆಗೆದದ್ದು. ಕಮಲಕ್ಕೆ ಎಂಟೂ ಎಸಳಿವೆ. ಎಂಟನೆಯದು ತೀರ್ಪುಗಾರರ ಕುರ್ಚಿಯ ಕೆಳಗಿದೆ, ಅರ್ಧದ ಮೇಲೆ ಸೀರೆಯ ಸೆರಗು ಬಿದ್ದಿದೆ. ಕುರ್ಚಿಯಲ್ಲಿ ಶಾಲು ಹೊದ್ದ ಹೆಂಗಸೊಬ್ಬಳು ಪೆನ್ಸಿಲ್ಲು ಕಚ್ಚಿಕೊಂಡು, ಬಹಳ ಗಂಭೀರವಾಗಿ, ಎಸಳು ಎಣಿಸುತ್ತಿದ್ದಾಳೆ. ಆಕೆಯನ್ನು ಅಂಚೆಂದು ತಿಳಿದು ಕತ್ತರಿಸಿಕೊಡಿ ಎಂದು ತಮ್ಮ ಕಾಲು ಹಿಡಿಯಲು ಹೊರಟಿದ್ದೆ, ಆ ಕೆಲಸಕ್ಕೆ ತಮಗಿಂತ ಯೋಗ್ಯರು ಜಿಲ್ಲೆಯಲ್ಲೇ ಇಲ್ಲ. ಆದರೆ ಆಕೆಯನ್ನು ಕತ್ತರಿಸಿದರೆ ಎಸಳೂ ಹೋಗುತ್ತದೆ. ಬೇಡ, ಮಾನ್ಯರೇ. ಎಸಳು ಕಾಣಲಿ, ಅದರ ಮೇಲೆ ಕೂತವಳೂ ಕಾಣಲಿ.